ಅಲಾಯಿ ಕುಣಿಯ ಸುತ್ತ ಶರೀಫರ ಪದ



ಶಿಶುನಾಳ ಶರೀಫರ ಹೆಸರು ಹೇಳಿದ ಕೂಡಲೇ ಬಹಳ ಮಂದಿಗೆ ನೆನಪಾಗುವುದು ಸಿ. ಅಶ್ವಥ್ ಅವರ ಏರುದನಿ. ಧ್ವನಿಸುರುಳಿಗಳೂ 1990ರಲ್ಲಿ ಟಿ.ಎಸ್. ನಾಗಾಭರಣ ನಿರ್ದೇಶಿಸಿದ ‘ಸಂತ ಶಿಶುನಾಳ ಶರೀಫ’ ಚಿತ್ರವೂ ಅವರ ತತ್ವಪದಗಳನ್ನು ಮನೆಮನೆಗೆ ಮುಟ್ಟಿಸಿದವು. ಆದರೆ ಶರೀಫರ ರಚನೆಗಳಲ್ಲಿ ಧ್ವನಿಸುರುಳಿಗೆ ಅಷ್ಟಾಗಿ ದಕ್ಕದ ಇನ್ನೊಂದು ಬಗೆಯುಂಟು. ಅವೇ ಮೊಹರಂ ಹಬ್ಬದ ರಿವಾಯತ್ ಪದಗಳು.

ಈಗಿನ ಹಾವೇರಿ ಜಿಲ್ಲೆ ಶಿಗ್ಗಾಂವಿ ತಾಲ್ಲೂಕಿನ ಶಿಶುವಿನಹಾಳದಲ್ಲಿ 1819ರಲ್ಲಿ ಹುಟ್ಟಿದ ಶರೀಫರು ಇಮಾಮ ಸಾಹೇಬ ಮತ್ತು ಹಜ್ಜೂಮಾ ಅವರ ಮಗ. ಕಳಸದ ಗೋವಿಂದ ಭಟ್ಟರ ಶಿಷ್ಯ. ಭಜನೆಯ ತಾಳ, ಬಯಲಾಟದ ಕುಣಿತ, ಮೊಹರಂನ ಹೆಜ್ಜೆ ಇವೆಲ್ಲ ಆ ಸೀಮೆಯ ಹಳ್ಳಿಗಳ ಬದುಕಿನಲ್ಲಿ ಬೆರೆತವು.

ಹಾನಗಲ್ಲ, ಸವಣೂರು, ಹಿರೇಕೆರೂರುಗಳ ಸುತ್ತಲೂ ಜನ ಇದನ್ನು ಅಲಾಯಿ ಹಬ್ಬವೆಂದೇ ಕರೆಯುತ್ತಾರೆ. ಮಸೀದಿಯ ಮುಂದೆ ಕುಣಿ ತೋಡಿ ಬೆಂಕಿ ಹಾಕುತ್ತಾರೆ; ಪಂಜಾಗಳನ್ನು ಕೂರಿಸುತ್ತಾರೆ. ಹಿಂದೂ ಮನೆಗಳವರೂ ಸಕ್ಕರೆ ಓದಿಸುತ್ತಾರೆ. ಕತ್ತಲ ರಾತ್ರಿ ಹಲಗೆಯ ಪೆಟ್ಟಿಗೆ ಹೆಜ್ಜೆಮೇಳದವರು ಸುತ್ತುಗಟ್ಟಿ ನಿಲ್ಲುತ್ತಾರೆ. ಮುಂದಾಳು ನುಡಿ ಎತ್ತುತ್ತಾನೆ, ಉಳಿದವರು ಅದನ್ನು ಹೊರಳಿ ಹಾಡುತ್ತಾರೆ.

ಹಾಡುವುದು ಕ್ರಿ.ಶ. 680ರಲ್ಲಿ ಇರಾಕಿನ ಕರ್ಬಲಾದಲ್ಲಿ, ನೀರಿಗೆ ಅಡ್ಡಗಟ್ಟಿದ ಸೈನ್ಯದೆದುರು ಮಡಿದ ಹುಸೇನರ ಕಥೆ. ರಿವಾಯತ್ ಎಂಬ ಅರಬ್ಬಿ ಮಾತಿಗೆ ನಿರೂಪಣೆ ಎಂದು ಅರ್ಥ. ಅರಬ್ಬಿ ನೆಲದ ಈ ದುಃಖ ಇಲ್ಲಿ ಹಳ್ಳಿಗನ ಕನ್ನಡದಲ್ಲೇ ಹಾಡಾಯಿತು. ಮಳೆಗಾಗಿ ಮುಗಿಲು ನೋಡುವ ಒಕ್ಕಲಿಗನಿಗೆ ಆ ಬಾಯಾರಿಕೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂಥ ಪದವನ್ನು ಒಬ್ಬನೇ ಕೂತು ಹಾಡಿದರೆ ಅದು ಅರ್ಧ ಮಾತ್ರ. ಎಲ್ಲಿ ಎಳೆಯಬೇಕು, ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಎಂಬುದನ್ನು ಹೆಜ್ಜೆಯೇ ಗೊತ್ತುಮಾಡುತ್ತದೆ. ತತ್ವಪದ ಏಕತಾರಿ ಹಿಡಿದವನೊಬ್ಬನ ಕಂಠದಲ್ಲೂ ನಿಲ್ಲಬಲ್ಲದು. ರಿವಾಯತ್ ಪದಕ್ಕೆ ಊರೇ ಬೇಕು. ಶರೀಫರು ಎರಡನ್ನೂ ಕಟ್ಟಿದರು ಎಂಬುದನ್ನು ಮರೆತರೆ, ಅವರಲ್ಲಿ ಅನುಭಾವಿ ಮಾತ್ರ ಕಾಣುತ್ತಾನೆ, ಮೇಳದ ಕವಿ ಕಾಣುವುದಿಲ್ಲ.

1889ರಲ್ಲಿ ಶರೀಫರು ತೀರಿಕೊಂಡರು. ಅವರ ಪದಗಳನ್ನು ಪುಸ್ತಕ ಕಾಪಾಡೀತು. ಧಾಟಿಯನ್ನು ಕಾಪಾಡಬೇಕಾದವರು ಕುಣಿಯುವವರು. ದುಡಿಮೆಗೆಂದು ಹುಡುಗರು ಪಟ್ಟಣ ಸೇರಿದಂತೆ ಸುತ್ತು ಕಿರಿದಾಗುತ್ತದೆ. ಆ ಸುತ್ತಿನಲ್ಲಿ ಪಕ್ಕದವನು ಯಾವ ಮತದವನೆಂದು ಕೇಳುವ ವಾಡಿಕೆಯಿಲ್ಲ. ಹೆಜ್ಜೆ ತಪ್ಪದಿದ್ದರೆ ಸಾಕು. ಹಾಡಿನ ಜೊತೆಗೆ ಉಳಿಯಬೇಕಾದುದು ಆ ವಾಡಿಕೆ.