ಅಳಿಲಿನ ಉಗ್ರಾಣ

(ಶಾಲಾ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಆಟಿಯ ಮಳೆ ಬಿಡದೆ ಸುರಿಯುವಾಗ, ಗದ್ದೆಯ ಬೆಳೆ ಇನ್ನೂ ಕೈಗೆ ಬಾರದ ಆ ದಿನಗಳಲ್ಲಿ, ನಮ್ಮ ಕಾಸರಗೋಡಿನ ಹಳ್ಳಿಗಳ ಎಷ್ಟೋ ಮಕ್ಕಳ ಹಸಿವನ್ನು ತಣಿಸಿದುದು ಹಲಸಿನ ಬೀಜ. ಆದರೆ ಅದನ್ನು ಕಾದಿಡುವುದು ಸುಲಭವಲ್ಲ. ತೇವ ತುಂಬಿದ ಬೀಜವಾದುದರಿಂದ ಬೇಗನೆ ಮೊಳೆಯುವುದು, ಇಲ್ಲವೇ ಕೊಳೆಯುವುದು. ಆದುದರಿಂದಲೇ ನಮ್ಮ ಅಜ್ಜಿಯಂದಿರು ಅದಕ್ಕೆ ಕೆಮ್ಮಣ್ಣು ಬಳಿದಿಟ್ಟರು. ಇಲ್ಲವೇ ಉಪ್ಪುನೀರಿನಲ್ಲಿ ಬೇಯಿಸಿ, ಒಣಗಿಸಿ ಸಾಂತಾಣಿ ಮಾಡಿದರು. ಬೆಂದ ಬೀಜ ಮೊಳೆಯುವುದೆಂತು?

ಇದೇ ಚಿಂತೆ ಉತ್ತರ ಅಮೆರಿಕದ ಬೂದು ಅಳಿಲಿಗೂ ಉಂಟು. ಅದರ ಆಟಿಯೆಂದರೆ ಹಿಮ ಬೀಳುವ ಚಳಿಗಾಲ. ಅದರ ಹಲಸಿನ ಬೀಜವೆಂದರೆ ಓಕ್ ಮರದ ಕಾಯಿ. ನಮ್ಮ ಘಟ್ಟದ ಕಾಡುಗಳಲ್ಲಿ ಓಕ್ ತಾನಾಗಿ ಬೆಳೆಯದು. ಹಿಮಾಲಯಕ್ಕೆ ಹೋದವರು ಅದನ್ನು ಕಂಡಿರಬಹುದು. ಅಮೆರಿಕದ ಬಿಳಿ ಓಕಿನ ಕಾಯಿ ಶರತ್ಕಾಲದಲ್ಲಿ ಉದುರಿದೊಡನೆಯೇ ಮೊಳೆಯತೊಡಗುವುದು. ಕೆಂಪು ಓಕಿನದಾದರೋ ಮುಂದಿನ ವಸಂತದವರೆಗೆ ಸುಮ್ಮನಿರುವುದು. ಅಳಿಲು ಬಿಳಿಯದನ್ನು ಅಲ್ಲಿಯೇ ತಿಂದು, ಕೆಂಪಿನದನ್ನು ಹೊತ್ತೊಯ್ದು ಹೂಳುವುದು. ಗಾತ್ರವೇ ಇದಕ್ಕೆ ಕಾರಣವಿರಬಹುದೇ ಎಂಬ ಸಂದೇಹವಿತ್ತು. ಚಿಕ್ಕವು ದೊಡ್ಡವುಗಳನ್ನೆಲ್ಲ ಅಳಿಲುಗಳ ಮುಂದಿಟ್ಟು ನಡೆಸಿದ ಒಂದು ಪರೀಕ್ಷೆಯ ಫಲ 1996ರಲ್ಲಿ ಪ್ರಕಟವಾಯಿತು. ಬೇಗ ಮೊಳೆತು ಕೆಡುವುದೋ ಬಾಳುವುದೋ ಎಂಬುದೇ ನಿರ್ಣಾಯಕವೆಂದು ಅದರಿಂದ ತಿಳಿಯಿತು. ಬಿಳಿಯದನ್ನೇ ಹೂಳಬೇಕಾಗಿ ಬಂದರೆ, ಅಳಿಲು ಅನೇಕ ವೇಳೆ ಕಾಯಿಯ ಚೂಪು ತುದಿಯ ಅಂಕುರವನ್ನು ಮೊದಲು ಕಚ್ಚಿ ತೆಗೆಯುವುದು. ಒಲೆಯಿಲ್ಲದ ಪ್ರಾಣಿಯ ಸಾಂತಾಣಿ ಎಂದರೆ ಇದೇ!

ಮರವೂ ಸುಮ್ಮನಿಲ್ಲ. ಕಾಯಿಯಲ್ಲಿ ಟ್ಯಾನಿನ್ ಎಂಬ ಒಗರು ಇರುವುದು. ನಮ್ಮ ಅಡಕೆಯ ಒಗರಿಗೂ ಇದೇ ಜಾತಿಯ ವಸ್ತು ಕಾರಣ. ಕೆಂಪು ಓಕಿನಲ್ಲಿ ಅಂಕುರವಿರುವ ತುದಿಯ ಕಡೆಗೆ ಒಗರು ಹೆಚ್ಚು. ಆದುದರಿಂದ ಅಳಿಲು ತೊಟ್ಟಿನ ಕಡೆಯಿಂದ ಅರ್ಧ ತಿಂದು ಬಿಸುಟ ಕಾಯಿಯೂ ಕೆಲವೊಮ್ಮೆ ಮೊಳೆತು ಗಿಡವಾಗುವುದು.

ಹೂಳುವ ರೀತಿಯೂ ಮುಖ್ಯ. ಬೂದು ಅಳಿಲು ಒಂದೊಂದೇ ಕಾಯನ್ನು ಅಲ್ಲಲ್ಲಿ, ಮಣ್ಣಿನ ಮೇಲ್ಪದರದಲ್ಲಿಯೇ ಅಡಗಿಸುವುದು. ಮರೆತುದು, ಇಲ್ಲವೇ ಅಳಿಲು ಸತ್ತು ಉಳಿದುದು, ಮರವಾದೀತು. ನಮ್ಮ ಗದ್ದೆಯ ಹೆಗ್ಗಣದ ರೀತಿಯೇ ಬೇರೆ. ಅದು ತೆನೆ ಕತ್ತರಿಸಿ ಬಿಲದೊಳಗಿನ ಒಂದೇ ಕಣಜಕ್ಕೆ ತುಂಬುವುದು. ಒಣಗಿದ ಭತ್ತ ಹೊಟ್ಟಿನ ರಕ್ಷಣೆಯಲ್ಲಿ ಬಹುದಿನ ಕೆಡದು. ಆದರೆ ಅಷ್ಟು ಆಳದಿಂದ ಪೈರು ಮೇಲೆ ಬರುವುದುಂಟೇ? ಅಳಿಲಿನ ಕಳವಿನಿಂದ ಓಕ್ ಮರಕ್ಕೆ ಸಂತಾನ. ಹೆಗ್ಗಣದ ಕಳವಿನಿಂದ ರೈತನಿಗೆ ಬರಿಯ ನಷ್ಟ.

ವಿದ್ಯಾರ್ಥಿಗಳೇ, ಆ ಬಿಲಗಳಿಗೆ ಕೈಹಾಕಬೇಡಿರಿ. ಹಾವಿದ್ದೀತು, ಇಲಿಜ್ವರದ ಭಯವೂ ಉಂಟು. ಅದರ ಬದಲು ಮುಂದಿನ ಹಲಸಿನ ಕಾಲದಲ್ಲಿ ಹತ್ತು ಹಸಿ ಬೀಜ, ಹತ್ತು ಕೆಮ್ಮಣ್ಣು ಬಳಿದ ಬೀಜ, ಹತ್ತು ಸಾಂತಾಣಿಗಳನ್ನು ತೋಟದ ಅಂಚಿನಲ್ಲಿ ಬೇರೆ ಬೇರೆಯಾಗಿ ಇಡಿರಿ. ಯಾವುದು ಎಂದು ಮಾಯವಾಯಿತು, ಯಾವುದು ಮೊಳೆಯಿತು ಎಂಬುದನ್ನು ದಿನವೂ ಬರೆದಿಡಿರಿ. ಆ ಪುಸ್ತಕವನ್ನು ನಾವೂ ನೋಡಲು ಬರುವೆವು.