ರಿಗ್ಗಿನ ಗಡಿಯಾರ



ನಮ್ಮ ಸೀಮೆಯಲ್ಲಿ ಕೊಳವೆಬಾವಿ ಕೊರೆಸುವವರು ಅಡಿಗಿಷ್ಟೆಂದು ಹಣ ತೆರುತ್ತಾರೆ. ತೈಲಬಾವಿಯ ಲೆಕ್ಕ ಬೇರೆ. ಅಲ್ಲಿ ರಿಗ್ ಎಂಬ ಬೃಹದ್ಯಂತ್ರಕ್ಕೆ ಬಹುಮಟ್ಟಿಗೆ ದಿನಬಾಡಿಗೆ. ಯಂತ್ರ ಕೊರೆಯಲಿ, ಸುಮ್ಮನೆ ನಿಲ್ಲಲಿ, ಬಾಡಿಗೆ ಏರುತ್ತಲೇ ಇರುತ್ತದೆ. ಆದುದರಿಂದ ರಿಗ್ಗಿನ ಕಾಲವನ್ನು ಮಿಗಿಸುವುದು ಹೇಗೆಂಬುದು ಆ ಉದ್ಯಮದ ನಿತ್ಯಚಿಂತೆ.

ಕಾಲ ಸೋರುವುದೆಲ್ಲಿ? ತಳದಲ್ಲಿ ಕಲ್ಲನ್ನು ಅರೆಯುವ ಬಿಟ್ ಸವೆಯಿತೆನ್ನೋಣ. ಅದನ್ನು ಬದಲಿಸಲು ಬಾವಿಯೊಳಗಿನ ಕೊಳವೆಗಳನ್ನೆಲ್ಲ ಮೇಲೆತ್ತಬೇಕು. 30 ಅಡಿಯ ಮೂರು ಕೊಳವೆಗಳನ್ನು ಒಂದು ಕಂತಾಗಿ ಎತ್ತಿದರೂ 10,000 ಅಡಿಯ ಬಾವಿಯಲ್ಲಿ ನೂರಕ್ಕೂ ಹೆಚ್ಚು ಬಾರಿ ಎತ್ತಿ, ಬಿಚ್ಚಿ, ಒರಗಿಸಿಟ್ಟು, ಮತ್ತೆ ಅಷ್ಟೇ ಬಾರಿ ಜೋಡಿಸಿ ಇಳಿಸಬೇಕು. ಅಷ್ಟು ಹೊತ್ತೂ ಬಾವಿ ಒಂದಂಗುಲವೂ ಆಳವಾಗದು. 1970ರ ದಶಕದಲ್ಲಿ ಕೃತಕ ವಜ್ರದ ಹಲ್ಲುಗಳುಳ್ಳ ಬಿಟ್‌ಗಳು ಬಂದ ಮೇಲೆ ಈ ಏರಿಳಿತ ಕಡಿಮೆಯಾಯಿತು. 1980ರ ದಶಕದಲ್ಲಿ ಬಳಕೆಗೆ ಬಂದ ಟಾಪ್ ಡ್ರೈವ್ ಎಂಬ ಸಾಧನದಿಂದ ಮೂರು ಕೊಳವೆಗಳನ್ನು ಒಟ್ಟಿಗೆ ಸೇರಿಸಿ ಕೊರೆಯುವುದು ಸಾಧ್ಯವಾಯಿತು. ಮೂರು ನಿಲುಗಡೆಗಳಿದ್ದಲ್ಲಿ ಒಂದೇ ಸಾಕಾಯಿತು. ಕೊರೆತ ನಡೆದಿರುವಾಗಲೇ ಪಕ್ಕದಲ್ಲಿ ಮುಂದಿನ ಕೊಳವೆಗಳನ್ನು ಜೋಡಿಸಿಡುವುದೂ ಇಂಥದೇ ಜಾಣ್ಮೆ.

ಪ್ರತಿ ಬಾವಿಗೂ ಎಂಜಿನಿಯರರು ಒಂದು ನಕ್ಷೆ ಬರೆಯುತ್ತಾರೆ. ಅಡ್ಡಕ್ಕೆ ದಿನಗಳು, ಕೆಳಮುಖವಾಗಿ ಆಳ. ಕೊರೆತ ಸಾಗಿದಾಗ ಗೆರೆ ಇಳಿಯುತ್ತದೆ. ನಿಂತಾಗ ಮಟ್ಟಸವಾಗಿ ಚಾಚುತ್ತದೆ. ಈ ಮಟ್ಟಸ ಗೆರೆಗಳನ್ನು ಮೊಟಕುಗೊಳಿಸುವುದೇ ದಕ್ಷತೆಯೆಂದು ಮೇಲ್ನೋಟಕ್ಕೆ ತೋರುತ್ತದೆ. ಆದರೆ ಬಿಡಿಭಾಗ ಬಾರದೆ ಕಾದ ಗಂಟೆಯೂ ಸಿಮೆಂಟು ಬಿಗಿದಿದೆಯೇ ಎಂದು ಪರೀಕ್ಷಿಸಿದ ಗಂಟೆಯೂ ಅಲ್ಲಿ ಒಂದೇ ಬಗೆಯಾಗಿ ಕಾಣುತ್ತವೆ. ಅವುಗಳ ಭೇದವನ್ನು ಗೆರೆ ಹೇಳದು. ಮನುಷ್ಯನ ವಿವೇಕವೇ ಹೇಳಬೇಕು.

ವಿವೇಕ ತಪ್ಪಿದರೆ ಏನಾದೀತೆಂಬುದಕ್ಕೆ ಮೆಕ್ಸಿಕೋ ಕೊಲ್ಲಿಯ ಮಕೊಂಡೊ ಬಾವಿ ಸಾಕ್ಷಿ. 2010ರ ಏಪ್ರಿಲ್ 20ರಂದು ಅಲ್ಲಿದ್ದ ಡೀಪ್‌ವಾಟರ್ ಹರೈಜನ್ ರಿಗ್ಗಿನ ಕೆಲಸ ಗೊತ್ತುಪಡಿಸಿದ ಅವಧಿಗಿಂತ ಸುಮಾರು ಆರು ವಾರ ಹಿಂದೆ ಬಿದ್ದಿತ್ತು. ದಿನದ ಬಾಡಿಗೆಯೇ 5 ಲಕ್ಷ ಡಾಲರಿಗೆ ಮಿಕ್ಕಿತ್ತು. ಸಿಮೆಂಟನ್ನು ಪರೀಕ್ಷಿಸಲು ಬಂದಿದ್ದ ತಂಡವನ್ನು ಆ ಬೆಳಿಗ್ಗೆ ಹಿಂದಕ್ಕೆ ಕಳುಹಿಸಿದರು. ಆ ಪರೀಕ್ಷೆಯೊಂದೇ ಬಾವಿಯನ್ನು ಉಳಿಸುತ್ತಿತ್ತೆಂದು ಹೇಳಲಾಗದು. ಆದರೆ ಅದೇ ದಿನದ ಒತ್ತಡಪರೀಕ್ಷೆಯಲ್ಲಿ ಒಂದು ಕೊಳವೆ ಅಪಾಯವನ್ನು ಸೂಚಿಸುತ್ತಿದ್ದರೂ, ಶಾಂತವಾಗಿದ್ದ ಇನ್ನೊಂದನ್ನು ನಂಬಿ ಕೆಲಸ ಮುಂದುವರಿಸಿದರು. ರಾತ್ರಿ ಅನಿಲ ಮೇಲೆ ನುಗ್ಗಿ ಸ್ಫೋಟಿಸಿತು. 11 ಮಂದಿ ಮಡಿದರು. 87 ದಿನ ತೈಲ ಕಡಲಿಗೆ ಹರಿಯಿತು. ಅಪಾಯವನ್ನು ಹೆಚ್ಚಿಸಿದ ನಿರ್ಧಾರಗಳಲ್ಲಿ ಅನೇಕವು ಕಾಲವನ್ನೂ ಹಣವನ್ನೂ ಉಳಿಸುವಂಥವಾಗಿದ್ದವೆಂದು ಅಮೆರಿಕದ ಅಧ್ಯಕ್ಷರು ನೇಮಿಸಿದ ಆಯೋಗ 2011ರಲ್ಲಿ ವರದಿ ಮಾಡಿತು.

ಪುಸ್ತಕ ಅಚ್ಚು ಹಾಕಿಸಿದವರಿಗೆ ಇದು ತಿಳಿಯದ ಸಂಗತಿಯಲ್ಲ. ಕಾಗದ ಬಾರದೆ ಯಂತ್ರ ನಿಂತರೆ ನಷ್ಟ. ಕರಡು ತಿದ್ದಲೆಂದು ನಿಂತರೆ ಅದೂ ಪುಸ್ತಕದ ಕೆಲಸವೇ. ಅಚ್ಚಿನ ತಪ್ಪಿಗೆ ಒಪ್ಪೋಲೆಯುಂಟು. ಬಾವಿಯ ತಪ್ಪಿಗೆ ಅದಿಲ್ಲ. ಸೋಮಾರಿ ಗಂಟೆಯನ್ನು ನಿರ್ದಾಕ್ಷಿಣ್ಯವಾಗಿ ಕಡಿಯೋಣ. ಆದರೆ ರಿಗ್ಗಿನ ಮೇಲೆ ಒಬ್ಬ ಕೆಲಸಗಾರ "ನಿಲ್ಲಿಸಿ" ಎಂದಾಗ, "ಎಷ್ಟು ಹೊತ್ತು?" ಎಂದು ಕೇಳುವ ಮೊದಲು "ಏಕೆ?" ಎಂದು ಕೇಳುವ ಮೇಲಧಿಕಾರಿಯೇ ಕಾಲದ ಬೆಲೆಯನ್ನು ಬಲ್ಲವನು.