ಬೀರಿನ ಬದಲು ಯಾವ ಲೋಟ?

(ಸಂಘದ ವಾರ್ಷಿಕೋತ್ಸವದ ಸಂಜೆ ಆಡಿದ ಮಾತುಗಳ ಬರಹರೂಪ)



ಈ ಸಲ ಆರೋಗ್ಯದ ಬಗ್ಗೆ ಯಾರಾದರೂ ಮಾತಾಡಬೇಕು ಅಂತ ಸಂಘದಲ್ಲಿ ತೀರ್ಮಾನ ಆಯಿತು. ನಾನು ಬಿ.ಎ. ಓದುವ ಹುಡುಗ, ಡಾಕ್ಟರಲ್ಲ. ಡಾಕ್ಟರು ಹೇಳಿದ್ದನ್ನು, ಪುಸ್ತಕದಲ್ಲಿ ಓದಿದ್ದನ್ನು ನಮ್ಮ ಮಾತಲ್ಲಿ ಹೇಳ್ತೀನಿ, ಅಷ್ಟೇ. ನಾನು ಆರಿಸಿಕೊಂಡ ವಿಷಯ ಕೇಳಿ ಕೆಲವರು ನಕ್ಕರು. ತೂಕ ಇಳಿಸೋ ಆಪರೇಷನ್ ಆದವರು ಬೀರಿನ ಬದಲು ಏನು ಕುಡಿಯಬೇಕು? ಇದೇ ವಿಷಯ. "ಅದು ದುಡ್ಡಿದ್ದವರ ಕಾಯಿಲೆ ಕಣಪ್ಪ, ನಮಗ್ಯಾಕೆ" ಅಂದರು ಒಬ್ಬರು.

ಆ ಕಾಲ ಹೋಯಿತು. ಧರ್ಮಪುರಿ, ಸೇಲಂ ಕಡೆಯಿಂದ ಬೆಂಗಳೂರಿಗೆ, ಹೊಸೂರಿಗೆ, ತಿರುಪ್ಪೂರಿಗೆ ಹೋದ ನಮ್ಮ ಹುಡುಗರು ಹನ್ನೆರಡು ಗಂಟೆ ಗಾಡಿ ಓಡಿಸ್ತಾರೆ, ರಾತ್ರಿ ಪಾಳಿ ಮಾಡ್ತಾರೆ, ಸಿಕ್ಕ ಹೊತ್ತಲ್ಲಿ ಪರೋಟ ತಿಂತಾರೆ. ತೂಕ ನೂರು ಕಿಲೋ ದಾಟುತ್ತೆ. ಮೂವತ್ತಕ್ಕೇ ಸಕ್ಕರೆ ಕಾಯಿಲೆ, ಬಿ.ಪಿ. ಬರುತ್ತೆ. ಕಂಪನಿ ಇನ್ಶೂರೆನ್ಸ್ ಇದ್ದವರಿಗೆ ಡಾಕ್ಟರು ಈ ಆಪರೇಷನ್ ಹೇಳ್ತಾರೆ. ನಮ್ಮ ದೊಡ್ಡಪ್ಪನ ಮಗನಿಗೂ ಆಗಿದೆ. ಅವನ ಒಪ್ಪಿಗೆ ಕೇಳಿಯೇ ಈ ಮಾತು ಆಡ್ತಾ ಇದೀನಿ.

ಮೊದಲು ಆಪರೇಷನ್ ಏನು ಅಂತ ತಿಳಿಯೋಣ. ಹೆಚ್ಚಾಗಿ ಮಾಡೋದು ಎರಡು ಬಗೆ. ಒಂದು ಸ್ಲೀವ್: ಹೊಟ್ಟೆಯ ಚೀಲದಲ್ಲಿ ನಾಲ್ಕರಲ್ಲಿ ಮೂರು ಪಾಲಿಗಿಂತ ಹೆಚ್ಚನ್ನು ಕತ್ತರಿಸಿ ತೆಗೆದು, ಬಾಳೆಕಾಯಿ ಥರ ಸಣ್ಣ ಕೊಳವೆ ಉಳಿಸ್ತಾರೆ. ಶುರುವಲ್ಲಿ ಅದು ಹಿಡಿಯೋದು ಸುಮಾರು 100ರಿಂದ 150 ಮಿಲಿ, ಅಂದರೆ ಅಂಗಡಿಯ ಒಂದು ಟೀ ಲೋಟದಷ್ಟು. ಇನ್ನೊಂದು ಬೈಪಾಸ್: ಹೊಟ್ಟೆಯ ಮೇಲ್ತುದಿಯಲ್ಲಿ ಮೊಟ್ಟೆ ಗಾತ್ರದ ಚೀಲ ಮಾಡಿ, ಅದನ್ನು ನೇರ ಸಣ್ಣ ಕರುಳಿಗೆ ಜೋಡಿಸ್ತಾರೆ. ಈಗ ಲೆಕ್ಕ ಹಾಕಿ: ಟೀ ಲೋಟದಷ್ಟು ಹೊಟ್ಟೆ, ಎದುರಿಗೆ 650 ಮಿಲಿಯ ಬೀರ್ ಬಾಟಲಿ.

ಜಾಗ ಇಲ್ಲ ಅನ್ನೋದು ಸಣ್ಣ ತೊಂದರೆ. ದೊಡ್ಡ ತೊಂದರೆಗಳು ಬೇರೆ ಇವೆ.

ಬೀರಿನಲ್ಲಿ ಗ್ಯಾಸ್ ಇದೆ. ಸಣ್ಣ ಚೀಲದಲ್ಲಿ ಅದು ಉಬ್ಬಿ ನೋವು ಕೊಡುತ್ತೆ, ಹುಳಿ ಮೇಲಕ್ಕೆ ಬರುತ್ತೆ.

ಬೀರ್ ತೂಕ ಕೂಡಿಸುತ್ತೆ. ಸಾಧಾರಣ ಬೀರಿನ ಒಂದು ದೊಡ್ಡ ಬಾಟಲಿಯಲ್ಲಿ ಸುಮಾರು 25 ಗ್ರಾಂ ಮದ್ಯಸಾರ ಇರುತ್ತೆ, ಸ್ಟ್ರಾಂಗ್ ಆದರೆ 40 ಗ್ರಾಂವರೆಗೂ ಹೋಗುತ್ತೆ. ಗ್ರಾಂಗೆ 7 ಕ್ಯಾಲೊರಿ. ಧಾನ್ಯದ ಸತ್ವವೂ ಸೇರಿ ಸಾಧಾರಣ ಬಾಟಲಿಗೇ 250 ಕ್ಯಾಲೊರಿ ದಾಟುತ್ತೆ. ದಿನಕ್ಕೆ ಹಿಡಿ ಅನ್ನ ತಿನ್ನಲಾಗದವನ ಹೊಟ್ಟೆಯಲ್ಲಿ ಸತ್ತ್ವವಿಲ್ಲದ ಈ ಕ್ಯಾಲೊರಿ ಬಂದು ಕೂರುತ್ತೆ.

ಮೂರನೆಯದು ಎಲ್ಲಕ್ಕಿಂತ ಅಪಾಯ. ಮೊದಲು ಕುಡಿದದ್ದು ಹೊಟ್ಟೆಯಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತಿತ್ತು, ನಿಧಾನವಾಗಿ ಕರುಳಿಗೆ ಇಳಿಯುತ್ತಿತ್ತು. ಈಗ ನಿಲ್ಲೋಕೆ ಜಾಗ ಇಲ್ಲ. ಕುಡಿದ ಕೆಲವೇ ನಿಮಿಷಕ್ಕೆ ರಕ್ತಕ್ಕೆ ಏರುತ್ತೆ. ಮೊದಲು ಎರಡು ಬಾಟಲಿಗೆ ಆಗುತ್ತಿದ್ದ ಅಮಲು ಈಗ ಒಂದಕ್ಕೇ ಆಗಬಹುದು. "ಒಂದೇ ಗ್ಲಾಸು ತಾನೆ" ಅಂತ ಬೈಕ್ ಹತ್ತಿದವನು ಮನೆ ಸೇರೋದು ಖಾತ್ರಿ ಇಲ್ಲ.

ನಾಲ್ಕನೆಯದು ಸತ್ವದ ಕೊರತೆ. ಈ ಆಪರೇಷನ್ ಆದವರಿಗೆ ಕಬ್ಬಿಣ, ಬಿ12, ಬಿ1 ಕಡಿಮೆ ಆಗುತ್ತೆ, ಅದಕ್ಕೇ ಮಾತ್ರೆ ಕೊಡ್ತಾರೆ. ಕುಡಿತ ಬಿ1 ಅನ್ನು ಇನ್ನೂ ಇಳಿಸುತ್ತೆ. ಅದು ತೀರಾ ಕಡಿಮೆಯಾದರೆ ಕಣ್ಣು ಮಂಜಾಗಿ, ನಡಿಗೆ ತೂರಾಡಿ, ಬುದ್ಧಿ ಭ್ರಮಣೆ ಆಗುತ್ತೆ. ನೋಡಿದವರು ಕುಡಿದಿದ್ದಾನೆ ಅಂತ ಬಿಟ್ಟುಬಿಡ್ತಾರೆ. ಅದು ಕೂಡಲೇ ಆಸ್ಪತ್ರೆಗೆ ಒಯ್ಯಬೇಕಾದ ಸ್ಥಿತಿ.

ಇನ್ನೊಂದು ಮಾತು. ಅಮೆರಿಕದ 10 ಆಸ್ಪತ್ರೆಗಳಲ್ಲಿ ಈ ಆಪರೇಷನ್ ಆದ ಸುಮಾರು 2,000 ಜನರನ್ನು ವರ್ಷಗಟ್ಟಲೆ ಗಮನಿಸಿ 2012ರಲ್ಲಿ ಒಂದು ವರದಿ ಬಂತು. ಆಪರೇಷನ್‌ಗೆ ಮುಂಚೆ ಕುಡಿತದ ಕಾಯಿಲೆ ಇದ್ದವರು ನೂರಕ್ಕೆ 7.6. ಮೊದಲ ವರ್ಷ ಹೆಚ್ಚು ಕಡಿಮೆ ಅಷ್ಟೇ ಇತ್ತು. ಎರಡನೇ ವರ್ಷಕ್ಕೆ ಅದು 9.6ಕ್ಕೆ ಏರಿತು. ಮೊದಲ ವರ್ಷ ಭಯ ಇರುತ್ತೆ, ಮನೆಯವರ ಕಾವಲು ಇರುತ್ತೆ. ಎರಡನೇ ವರ್ಷ ತೂಕ ಇಳಿದಿದೆ, ಅಂಗಿ ಸಡಿಲ ಆಗಿದೆ, ಧೈರ್ಯ ಬಂದಿದೆ. ಅವಾಗಲೇ ಜೊತೆಗಾರರು ಕರೀತಾರೆ. ಆದ್ದರಿಂದ ಒಂದು ವರ್ಷ ಕಳೀತು ಅಂತ ಕಾವಲು ಬಿಡಬಾರದು.

ಹಾಗಾದರೆ ಬದಲು ಏನು? ಮೊದಲು ಬದಲಲ್ಲದ್ದನ್ನು ಹೇಳ್ತೀನಿ.

ಗೋಲಿ ಸೋಡ, ಬಣ್ಣದ ಸೋಡ ಬೇಡ. ಗ್ಯಾಸೂ ಇದೆ, ಸಕ್ಕರೆಯೂ ಇದೆ. ಹೆಣ್ಣುಮಕ್ಕಳು ಬೀರ್ ಮಾತು ನಮಗಲ್ಲ ಅಂತ ಕೂತಿದ್ದರೆ ಈ ಮಾತು ನಿಮಗೆ. ಈ ಆಪರೇಷನ್ ಹೆಂಗಸರಿಗೂ ಬಹಳ ಮಾಡ್ತಾರೆ. ಮದ್ಯ ಇಲ್ಲದ ಬೀರ್ ಅಂತ ಡಬ್ಬಿಯಲ್ಲಿ ಬರುತ್ತೆ. ಅದರಲ್ಲಿ ಅಮಲು ಇಲ್ಲದಿದ್ದರೂ ಗ್ಯಾಸ್ ಇದೆ, ಆ ರುಚಿ ಹಳೇ ಆಸೆಯನ್ನು ಎಬ್ಬಿಸುತ್ತೆ. ಕಬ್ಬಿನ ಹಾಲು, ಬೆಲ್ಲ ತುಂಬಿದ ಪಾನಕ, ತಾಳೆಮರದ ಸಿಹಿ ಪದನೀರು ನಮ್ಮ ಸೀಮೆಯವೇ, ಒಳ್ಳೇವೇ. ಆದರೆ ಬೈಪಾಸ್ ಆದವರಿಗೆ ಸಿಹಿ ಒಂದೇ ಸಲ ಕರುಳಿಗೆ ಇಳಿದರೆ ಎದೆ ಹೊಡೆದುಕೊಂಡು, ಬೆವರಿ, ತಲೆ ಸುತ್ತಿ, ಭೇದಿ ಆಗುತ್ತೆ. "ಬೀರ್ ಬೇಡ ಅಂದ್ರೆ ಒಂದು ಕಟಿಂಗ್ ಬ್ರಾಂದಿ ಹಾಕ್ಕೋ" ಅನ್ನೋ ಸಲಹೆಗಾರರು ಪ್ರತಿ ಬೀದಿಯಲ್ಲೂ ಇದಾರೆ. ಅವರಿಗೆ ದೂರದಿಂದಲೇ ಕೈ ಮುಗಿಯಿರಿ.

ಈಗ ಕುಡಿಯಬಹುದಾದದ್ದು. ಆಪರೇಷನ್ ಆದ ಮೊದಲ ವಾರಗಳಲ್ಲಿ ಡಾಕ್ಟರು ಕೊಟ್ಟ ಪಟ್ಟಿಯೇ ವೇದವಾಕ್ಯ. ಅವರು ಮಾಮೂಲಿ ಊಟಕ್ಕೆ ಬಿಟ್ಟ ಮೇಲೆ ನಮ್ಮ ಮನೆಯಲ್ಲೇ ಎಲ್ಲ ಇದೆ.

ನೀರು ಮಜ್ಜಿಗೆ. ಕೆನೆ ತೆಗೆದು, ಜೀರಿಗೆ, ಕರಿಬೇವು, ಚಿಟಿಕೆ ಉಪ್ಪು. ಹುಳಿ ಇದೆ, ತಂಪು ಇದೆ.

ರಾಗಿ ಅಂಬಲಿ. ಧರ್ಮಪುರಿ, ಕೃಷ್ಣಗಿರಿ ರಾಗಿ ಬೆಳೆಯೋ ಸೀಮೆ. ರಾಗಿ ಹಿಟ್ಟನ್ನು ತೆಳ್ಳಗೆ ಬೇಯಿಸಿ, ಆರಿಸಿ, ಮಜ್ಜಿಗೆ ಬೆರೆಸಿ, ಸೋಸಿಕೊಳ್ಳಬೇಕು. ಧಾನ್ಯದ ವಾಸನೆ, ಸ್ವಲ್ಪ ಹುಳಿ. ಬೀರ್ ಕುಡಿಯೋರು ಹುಡುಕುವ ರುಚಿ ಇದಕ್ಕೆ ಹತ್ತಿರ ಅಂತ ನಮ್ಮಣ್ಣನೇ ಹೇಳಿದ. ಇದರಲ್ಲೂ ಹಿಟ್ಟಿದೆ, ಸಕ್ಕರೆ ಕಾಯಿಲೆಯವರು ಅಳತೆ ನೋಡಿಕೊಳ್ಳಿ.

ಹುರುಳಿ ಕಟ್ಟು. ಬೇಯಿಸಿದ ಹುರುಳಿಯ ನೀರಿಗೆ ಮೆಣಸು, ಬೆಳ್ಳುಳ್ಳಿ ಹಾಕಿದ ತಿಳಿ ಸಾರು. ಸಂಜೆ ಖಾರವಾಗಿ, ಬಿಸಿಯಾಗಿ ಏನಾದರೂ ಬೇಕು ಅನ್ನೋರಿಗೆ ಇದು. ಈ ಆಪರೇಷನ್ ಆದವರಿಗೆ ದಿನಕ್ಕೆ 60 ಗ್ರಾಂ ಆದರೂ ಪ್ರೋಟೀನ್ ಬೇಕು ಅಂತಾರೆ. ಕಟ್ಟಿನಿಂದ ಅಷ್ಟೂ ಸಿಗಲ್ಲ, ಮೊಟ್ಟೆ, ಮೀನು, ಬೇಳೆ ಬೇಕೇ ಬೇಕು.

ಇನ್ನು ಜೀರಿಗೆ ನೀರು, ಸಕ್ಕರೆ ಇಲ್ಲದ ನಿಂಬೆ ನೀರು, ಅಳತೆಯಲ್ಲಿ ಎಳನೀರು. ಯಾವುದೇ ಆಗಲಿ ಗುಟುಕು ಗುಟುಕಾಗಿ. ಊಟದ ಜೊತೆ ಕುಡೀಬೇಡಿ, ಉಂಡ ಮೇಲೆ ಅರ್ಧ ಗಂಟೆ ಬಿಡಿ. ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ನೀರಿನಂಶ ದೇಹಕ್ಕೆ ಸೇರಬೇಕು.

ಪಟ್ಟಿ ಇಷ್ಟೇ, ಕಷ್ಟ ಏನಿಲ್ಲ. ಹಾಗಿದ್ದರೂ ಬಿಟ್ಟವರು ಮತ್ತೆ ಯಾಕೆ ಶುರು ಮಾಡ್ತಾರೆ? ನಮ್ಮಣ್ಣನನ್ನು ಕೇಳಿದೆ. ಅವನು ಹೇಳಿದ: "ಬೀರ್ ಬಿಡೋದು ಸುಲಭ ಕಣೋ, ಸಾಯಂಕಾಲ ಬಿಡೋದು ಕಷ್ಟ." ಮಾರಿಹಬ್ಬಕ್ಕೆ ಊರಿಗೆ ಬಂದರೆ ಜೊತೆಗಾರರೆಲ್ಲ ಒಂದು ಕಡೆ ಕೂತಿರ್ತಾರೆ. ಇವನು ಹೋದರೆ "ಬಂದ್ರಪ್ಪ ಡಾಕ್ಟರು" ಅಂತ ಗೇಲಿ. ಹೋಗದಿದ್ದರೆ "ಬೆಂಗಳೂರು ಸೇರಿ ದೊಡ್ಡವನಾಗಿಬಿಟ್ಟ" ಅಂತ ಮಾತು. ಹೋದ ವರ್ಷ ಅವನು ಏಳು ಗಂಟೆಗೇ ಬಾಗಿಲು ಹಾಕಿಕೊಂಡು ಮಲಗಿದ. ನಮ್ಮ ಬೀದಿಯ ಹಬ್ಬದಲ್ಲಿ ನಮ್ಮವನೇ ಒಬ್ಬ ಒಂಟಿ ಆದ.

ಬೀರ್ ತೆಗೆದರೆ ಸಾಲದು, ಕೂರೋಕೆ ಜಾಗ ಕೊಡಬೇಕು. ಇದನ್ನು ನಮ್ಮ ಜಿಲ್ಲೆಯ ಇತಿಹಾಸವೇ ಹೇಳುತ್ತೆ. 1937ರ ಅಕ್ಟೋಬರ್ 1ರಂದು ರಾಜಾಜಿಯವರ ಸರ್ಕಾರ ಮದ್ರಾಸ್ ಪ್ರಾಂತ್ಯದಲ್ಲಿ ಎಲ್ಲಕ್ಕಿಂತ ಮೊದಲು ಪಾನನಿಷೇಧ ತಂದದ್ದು ಸೇಲಂ ಜಿಲ್ಲೆಯಲ್ಲಿ. ಆಗ ಧರ್ಮಪುರಿ, ಹೊಸೂರು ಎಲ್ಲ ಸೇಲಂಗೇ ಸೇರಿತ್ತು. ಧರ್ಮಪುರಿ ಬೇರೆ ಜಿಲ್ಲೆ ಆದದ್ದು 1965ರಲ್ಲಿ. ಹೆಂಡದಂಗಡಿ ಮುಚ್ಚಿತು, ಸರಿ. ಹೊಲದಿಂದ ಬಂದ ನಮ್ಮ ಮುತ್ತಾತ ಸಾಯಂಕಾಲ ಎಲ್ಲಿ ಕೂರಬೇಕಿತ್ತು? ಟೀ ಅಂಗಡಿ ಬೆಂಚಿನ ಮೇಲೆ ಕೂರೋ ಹಕ್ಕು ನಮಗಿತ್ತಾ? ಎಷ್ಟೋ ಊರುಗಳಲ್ಲಿ ನಮ್ಮವರಿಗೆ ಬೇರೆ ಲೋಟ. ಕುಡಿದು ನಾವೇ ತೊಳೆದಿಡಬೇಕು. ಆ ಎರಡು ಲೋಟದ ಪದ್ಧತಿ ನಮ್ಮ ಅಪ್ಪಂದಿರ ಕಾಲದವರೆಗೂ ಬಂತು. ಒಳ್ಳೇ ಪಾನೀಯದ ಲೋಟ ಅವಮಾನದ ಲೋಟ ಆದರೆ, ಮನುಷ್ಯ ಅಮಲಿನ ಲೋಟವನ್ನೇ ಹುಡುಕಿಕೊಂಡು ಹೋಗ್ತಾನೆ.

ನಿಷೇಧ 1971ರಲ್ಲಿ ಸಡಿಲಾಯಿತು, ಮತ್ತೆ ಬಂತು, ಮತ್ತೆ ಹೋಯಿತು. 1983ರಲ್ಲಿ ಟಾಸ್ಮಾಕ್ ಬಂತು, 2003ರಿಂದ ಚಿಲ್ಲರೆ ಅಂಗಡಿಯನ್ನೂ ಅದೇ ನಡೆಸ್ತಾ ಇದೆ. ಅಂಗಡಿ ಮುಚ್ಚಿ ಅಂತ ಹೋರಾಡಿದ ಸೇಲಂ ಜಿಲ್ಲೆಯ ಶಶಿ ಪೆರುಮಾಳ್ 2015ರಲ್ಲಿ ಕನ್ಯಾಕುಮಾರಿ ಜಿಲ್ಲೆಯಲ್ಲಿ ಹೋರಾಟದ ನಡುವೆಯೇ ಪ್ರಾಣ ಬಿಟ್ಟರು. ಅಂಗಡಿಯ ಬೆಲೆ ಕೊಡಲಾಗದವರು ಕಳ್ಳಭಟ್ಟಿಗೆ ಹೋದರೆ ಏನಾಗುತ್ತೆ ಅಂತ 2024ರ ಜೂನ್‌ನಲ್ಲಿ ಪಕ್ಕದ ಕಳ್ಳಕುರಿಚಿಯಲ್ಲಿ ನೋಡಿದೆವು. 60ಕ್ಕೂ ಹೆಚ್ಚು ಜನ ಹೋದರು. ಅದರಲ್ಲಿ ನಮ್ಮ ಜನವೇ ಬಹಳ. ಕಾನೂನು ಬೇಕೋ ಬೇಡವೋ ಅನ್ನೋ ಚರ್ಚೆ ಸರ್ಕಾರದ ಮಟ್ಟದಲ್ಲಿ ನಡೀಲಿ. ನಮ್ಮ ಬೀದಿಯಲ್ಲಿ ಏನು ಮಾಡಬಹುದು ಅನ್ನೋದು ನಮ್ಮ ಕೈಲಿದೆ.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಮದ್ಯ ಮುಟ್ಟುವುದಿಲ್ಲ ಅನ್ನೋದೂ ಒಂದು. ಅದನ್ನು ಲಕ್ಷಾಂತರ ಜನ ಒಟ್ಟಿಗೆ ನಿಂತು ಹೇಳಿದರು. ಒಬ್ಬನೇ ಬಿಡೋಕೆ ಆಗದ್ದನ್ನು ಜೊತೆ ಇದ್ದರೆ ಬಿಡಬಹುದು.

ಅದಕ್ಕೆ ಸಂಘದ ಮುಂದೆ ಮೂರು ಬೇಡಿಕೆ ಇಡ್ತೀನಿ. ಒಂದು, ನಮ್ಮ ಮದುವೆ, ಹಬ್ಬ, ಏಪ್ರಿಲ್ 14ರ ಜಯಂತಿ, ಎಲ್ಲದರಲ್ಲೂ ಮಜ್ಜಿಗೆ, ಅಂಬಲಿ, ಹುರುಳಿ ಕಟ್ಟಿನ ಪಾತ್ರೆ ನಡುವೆ ಇರಲಿ, ಮೂಲೆಯಲ್ಲಿ ಬೇಡ. ಎಲ್ಲರಿಗೂ ಒಂದೇ ಥರದ ಲೋಟ. ಯಾರು ಕಾಯಿಲೆಯವರು, ಯಾರು ಬಿಟ್ಟವರು ಅಂತ ಲೋಟ ನೋಡಿ ಗೊತ್ತಾಗಬಾರದು. ಎರಡು, ಬೇಡ ಅಂದವನಿಗೆ ಎರಡನೇ ಸಲ "ಹಾಕ್ಕೋ" ಅನ್ನೋದು ನಮ್ಮ ಬೀದಿಯಲ್ಲಿ ಮರ್ಯಾದೆಗೆಟ್ಟ ಮಾತಾಗಲಿ. ಮೂರು, ಸಂಘದ ಕೋಣೆ ಸಂಜೆ ಆರರಿಂದ ಒಂಬತ್ತರವರೆಗೆ ತೆಗೆದಿರಲಿ. ಕೇರಂ ಬೋರ್ಡ್ ಇದೆ, ಪೇಪರ್ ಬರುತ್ತೆ. ಬೀಗ ತೆಗೆಯೋ ಕೆಲಸ ನಾನು ಒಪ್ಪಿಕೊಳ್ತೀನಿ.

ಒಂದು ಎಚ್ಚರಿಕೆ. ವರ್ಷಗಟ್ಟಲೆ ದಿನವೂ ಹೆಚ್ಚು ಕುಡಿಯೋರು ಈ ಮಾತು ಕೇಳಿ ನಾಳೆ ಬೆಳಿಗ್ಗೆಯೇ ಪೂರ್ತಿ ನಿಲ್ಲಿಸಬೇಡಿ. ಕೈ ನಡುಕ, ಫಿಟ್ಸ್ ಬರಬಹುದು, ಪ್ರಾಣಕ್ಕೂ ಅಪಾಯ. ಸರ್ಕಾರಿ ಆಸ್ಪತ್ರೆಗೆ ಹೋಗಿ, ಡಾಕ್ಟರ ನೆರವಲ್ಲಿ ಬಿಡಿ. ಜೊತೆಗೆ ಬರೋಕೆ ಸಂಘದಲ್ಲಿ ಹುಡುಗರಿದ್ದೀವಿ.

ಈ ಸಭೆ ಮುಗಿದ ಮೇಲೆ ಹೊರಗೆ ಮಜ್ಜಿಗೆ ಇಟ್ಟಿದ್ದಾರೆ. ಎಲ್ಲರೂ ಕುಡಿದು, ಸ್ವಲ್ಪ ಹೊತ್ತು ಕೂತು ಮಾತಾಡಿಕೊಂಡು ಹೋಗಿ.